ಮನೆ ಸಿಗದಿದ್ದರೆ ಹೋಲ್ಡಿಂಗ್ ಡೆಪಾಸಿಟ್ ಯಾರ ಹಣ?

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹುಡುಕುವವರು ಮನೆ ಒಪ್ಪಿಗೆಯಾಯಿತು ಎಂದು ಹೇಳಿದ ದಿನವೇ, ಕರಾರುಪತ್ರದ ಕರಡು ಕೈಗೆ ಬರುವ ಮೊದಲೇ, ಮಾಲೀಕರ ಪರವಾಗಿ ಮನೆ ಬಾಡಿಗೆಗೆ ಕೊಡುವ ಲೆಟಿಂಗ್ ಏಜೆಂಟರ ಖಾತೆಗೆ ಒಂದಿಷ್ಟು ಹಣ ಕಟ್ಟಬೇಕಾಗುತ್ತದೆ. ಇದೇ ಹೋಲ್ಡಿಂಗ್ ಡೆಪಾಸಿಟ್. ಈ ಹಣ ಬಂದ ಮೇಲೆ ಏಜೆಂಟರು ಆ ಮನೆಯನ್ನು ಬೇರೆಯವರಿಗೆ ತೋರಿಸುವುದನ್ನು ನಿಲ್ಲಿಸಿ, ನಮ್ಮ ಸಂಬಳ, ಬ್ಯಾಂಕಿನ ವ್ಯವಹಾರ, ಹಿಂದಿನ ಮನೆ ಮಾಲೀಕರ ಅಭಿಪ್ರಾಯ ಮತ್ತು ವೀಸಾ ಸ್ಥಿತಿಯನ್ನು ಪರಿಶೀಲಿಸುತ್ತಾರೆ. ಎಲ್ಲವೂ ಸರಿಹೋದರೆ ಅದು ಮೊದಲ ತಿಂಗಳ ಬಾಡಿಗೆಗೋ ಮುಖ್ಯ ಡೆಪಾಸಿಟ್ಟಿಗೋ ಜಮೆಯಾಗುವುದರಿಂದ ಯಾರಿಗೂ ಅದರ ನೆನಪು ಉಳಿಯುವುದಿಲ್ಲ. ಮನೆ ಕೈತಪ್ಪಿದಾಗ ಮಾತ್ರ ಆ ಹಣ ಯಾರದು ಎಂಬ ಪ್ರಶ್ನೆ ಏಳುತ್ತದೆ. ಕಾನೂನು ಈ ಪ್ರಶ್ನೆಗೆ ಸ್ಪಷ್ಟವಾಗಿಯೇ ಉತ್ತರ ಕೊಟ್ಟಿದ್ದರೂ, ನಮ್ಮವರಲ್ಲಿ ಅನೇಕರು ಅದನ್ನು ಕೇಳದೆಯೇ ಹಣ ಬಿಟ್ಟುಕೊಡುವುದನ್ನು ನೋಡಿ ನೋಡಿ ಬೇಸರವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

2019ರ ಜೂನ್ 1ರಂದು ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಟೆನೆಂಟ್ ಫೀಸ್ ಆಕ್ಟ್ ಪ್ರಕಾರ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಒಂದು ವಾರವೆಂದರೆ ತಿಂಗಳ ಬಾಡಿಗೆಯ ಕಾಲು ಭಾಗವಲ್ಲ. ತಿಂಗಳ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಿ ಐವತ್ತೆರಡರಿಂದ ಭಾಗಿಸಬೇಕು. ತಿಂಗಳಿಗೆ 1,300 ಪೌಂಡ್ ಬಾಡಿಗೆಯ ಮನೆಗೆ ಅದು ಸರಿಯಾಗಿ 300 ಪೌಂಡ್. ನಾಲ್ಕರಿಂದ ಭಾಗಿಸಿ 325 ಕೇಳಿದರೆ ಆ 25 ಪೌಂಡ್ ಕಾನೂನುಬಾಹಿರ. ಈ ಮಿತಿ ಇರುವುದು ಮನೆಗೇ ಹೊರತು ತಲೆಗಲ್ಲ. ನಾಲ್ವರು ವಿದ್ಯಾರ್ಥಿಗಳು ಸೇರಿ ಒಂದು ಮನೆ ಹಿಡಿದರೆ ನಾಲ್ವರ ಪಾಲೂ ಕೂಡಿ ಒಂದು ವಾರದ ಬಾಡಿಗೆಯೊಳಗೇ ಇರಬೇಕು. ಒಬ್ಬರಿಂದ ಹಣ ಪಡೆದುಕೊಂಡು, ಅದನ್ನು ಹಿಂದಿರುಗಿಸದೆ, ಅದೇ ಮನೆಗೆ ಇನ್ನೊಬ್ಬರಿಂದಲೂ ಹೋಲ್ಡಿಂಗ್ ಡೆಪಾಸಿಟ್ ಪಡೆಯುವುದಕ್ಕೂ ಸಾಮಾನ್ಯವಾಗಿ ಅವಕಾಶವಿಲ್ಲ.

ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದು ಬಂದವರಿಗೆ ಇದು ಟೋಕನ್ ಅಡ್ವಾನ್ಸಿನ ಹಾಗೆ ಕಾಣುವುದು ಸಹಜ. ಅಲ್ಲಿ ಬ್ರೋಕರ್ ಕೈಗೋ ಮಾಲೀಕರ ಕೈಗೋ ಟೋಕನ್ ಕೊಟ್ಟ ಮೇಲೆ ವ್ಯವಹಾರ ಮುರಿದುಬಿದ್ದರೆ, ಅದು ಯಾರಿಂದ ಮುರಿಯಿತು ಎಂಬ ವಿಚಾರಣೆ ಇಲ್ಲದೆಯೇ ಆ ಹಣದ ಆಸೆ ಬಿಡುವುದು ರೂಢಿ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಮನೆ ಬಿಡುವಾಗ ಬಣ್ಣ ಬಳಿಯುವ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮಾತಿಲ್ಲದೆ ಮುರಿಸಿಕೊಂಡು ಬಂದ ನಮಗೆ, ಕೊಟ್ಟ ಹಣವನ್ನು ಕಾರಣ ಕೇಳಿ ಹಿಂದಕ್ಕೆ ಪಡೆಯುವುದೇ ಒಂದು ಬಗೆಯ ಜಗಳಗಂಟತನದಂತೆ ತೋರುತ್ತದೆ. ಜೊತೆಗೆ ಪರದೇಶ, ವೀಸಾ, ಹೊಸ ಕೆಲಸ. ಏಜೆಂಟರ ಜೊತೆ ತಕರಾರು ಮಾಡಿಕೊಂಡರೆ ಮುಂದೆ ಯಾರೂ ಮನೆ ಕೊಡಲಾರರು ಎಂಬ ಭಯ ಎಷ್ಟು ಜನರನ್ನು ಸುಮ್ಮನಾಗಿಸಿದೆ ಎಂಬುದನ್ನು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಇರುವವರೆಲ್ಲ ಬಲ್ಲರು.

ಕಳೆದ ವರ್ಷ ನಮ್ಮ ಊರಾದ ರೆಡಿಂಗಿಗೆ ಹಾಸನದ ಕಡೆಯ ಒಬ್ಬ ಯುವತಿ ಬಂದರು. ಆಸ್ಪತ್ರೆಯೊಂದರಲ್ಲಿ ರೇಡಿಯೋಗ್ರಾಫರ್ ಕೆಲಸ. ನಿಲ್ದಾಣಕ್ಕೆ ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿ ಒಂದು ಮಲಗುವ ಕೋಣೆಯ ಮನೆಯನ್ನು ಮೆಚ್ಚಿಕೊಂಡು, ತಿಂಗಳ ಮೂರನೇ ತಾರೀಖು 300 ಪೌಂಡ್ ಕಟ್ಟಿದರು. ಅರ್ಜಿಯಲ್ಲಿ ವಾರ್ಷಿಕ ಆದಾಯದ ಜಾಗದಲ್ಲಿ 41 ಸಾವಿರ ಪೌಂಡ್ ಎಂದು ಬರೆದು, ಅದರ ಕೆಳಗೇ ಮೂಲ ವೇತನ 38 ಸಾವಿರ, ರಾತ್ರಿ ಪಾಳಿ ಮತ್ತು ವಾರಾಂತ್ಯದ ಭತ್ಯೆ ಸುಮಾರು 3 ಸಾವಿರ ಎಂದು ಬಿಡಿಸಿ ಬರೆದಿದ್ದರು. ನೇಮಕಾತಿ ಪತ್ರವನ್ನೂ ಲಗತ್ತಿಸಿದ್ದರು. ವಾರ್ಷಿಕ ಆದಾಯ ತಿಂಗಳ ಬಾಡಿಗೆಯ ಮೂವತ್ತು ಪಟ್ಟಾದರೂ ಇರಬೇಕೆಂಬುದು ಇಲ್ಲಿನ ಬಹುಪಾಲು ಏಜೆಂಟರ ಅಳತೆ. 1,300 ಪೌಂಡ್ ಬಾಡಿಗೆಗೆ ಅದು 39 ಸಾವಿರವಾಗುತ್ತದೆ. ಆಸ್ಪತ್ರೆಯ ಸಿಬ್ಬಂದಿ ವಿಭಾಗ ಕೊಟ್ಟ ದೃಢೀಕರಣದಲ್ಲಿ ಮೂಲ ವೇತನ ಮಾತ್ರ ಇತ್ತು. ಹತ್ತನೇ ತಾರೀಖು ಏಜೆಂಟರಿಂದ ಎರಡು ಸಾಲಿನ ಇಮೇಲ್ ಬಂತು: ಮಾಲೀಕರು ಈ ಅರ್ಜಿಯನ್ನು ಮುಂದುವರಿಸದಿರಲು ನಿರ್ಧರಿಸಿದ್ದಾರೆ, ನಿಮ್ಮ ಹುಡುಕಾಟಕ್ಕೆ ಶುಭವಾಗಲಿ. ಹಣದ ಬಗ್ಗೆ ಒಂದು ಮಾತೂ ಇರಲಿಲ್ಲ.

ಅವರು ಫೋನ್ ಮಾಡಿ ಕೇಳಿದಾಗ, ರೆಫರೆನ್ಸಿಂಗ್, ಅಂದರೆ ಸಂಬಳ, ಬ್ಯಾಂಕು, ಹಿಂದಿನ ಮಾಲೀಕರ ಅಭಿಪ್ರಾಯಗಳ ಪರಿಶೀಲನೆಗೆ ಆ ಹಣ ಖರ್ಚಾಗಿದೆ, ಹೋಲ್ಡಿಂಗ್ ಡೆಪಾಸಿಟ್ ವಾಪಸ್ ಬರುವುದಿಲ್ಲ ಎಂಬುದು ನಮ್ಮ ಕಚೇರಿಯ ನಿಯಮ ಎಂದು ಉತ್ತರ ಬಂತು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ ಈ ಕಥೆ ಹೇಳಿ, "ಅಕ್ಕಾ, ಆ ದುಡ್ಡು ಹೋದ ಹಾಗೇ ಅಲ್ವಾ? ಸುಮ್ನೆ ತಲೆ ಕೆಡಿಸ್ಕೊಳ್ಳೋದು ಯಾಕೆ ಅಂತ ಬಿಟ್ಬಿಟ್ಟಿದ್ದೀನಿ" ಎಂದರು. "ಬಿಡೋದಲ್ಲಮ್ಮ, ಆ ಇಮೇಲ್ ತೆಗಿ, ತಾರೀಖು ನೋಡೋಣ" ಎಂದೆ. ಇಂಥ ವಿಷಯದಲ್ಲಿ ಮೊದಲು ನೋಡಬೇಕಾದದ್ದು ತಾರೀಖನ್ನೇ.

ಆ ಕಾಯ್ದೆಯ ಎರಡನೇ ಅನುಸೂಚಿ ಎರಡು ಗಡುವುಗಳ ಮೇಲೆ ನಿಂತಿದೆ. ಹೋಲ್ಡಿಂಗ್ ಡೆಪಾಸಿಟ್ ಕೈಸೇರಿದ ದಿನವನ್ನೂ ಸೇರಿಸಿ ಹದಿನೈದು ದಿನಗಳೊಳಗೆ ಕರಾರು ಆಗಬೇಕು ಎಂಬುದು ಮೊದಲನೆಯದು. ಮೂರನೇ ತಾರೀಖು ಕಟ್ಟಿದ್ದರೆ ಹದಿನೇಳಕ್ಕೆ ಗಡುವು. ಎರಡೂ ಕಡೆಯವರು ಬರಹದಲ್ಲಿ ಒಪ್ಪಿಕೊಂಡರೆ ಮಾತ್ರ ಬೇರೆ ದಿನಾಂಕ ಇಟ್ಟುಕೊಳ್ಳಬಹುದು. ಎರಡನೆಯದು ಏಳು ದಿನಗಳ ಗಡುವು. ಕರಾರು ಆದರೆ ಆದ ದಿನದಿಂದ, ಮಾಲೀಕರೇ ಬೇಡವೆಂದರೆ ಹಾಗೆ ನಿರ್ಧರಿಸಿದ ದಿನದಿಂದ, ಏನೂ ಆಗದೆ ಹದಿನೈದು ದಿನ ಕಳೆದರೆ ಆ ಕೊನೆಯ ದಿನದಿಂದ, ಆಯಾ ದಿನವನ್ನೂ ಸೇರಿಸಿ ಏಳು ದಿನಗಳೊಳಗೆ ಹಣ ಹಿಂದಿರುಗಬೇಕು. ಹಣ ಇಟ್ಟುಕೊಳ್ಳಲು ಕಾನೂನು ಒಪ್ಪುವ ಕಾರಣವೊಂದು ತಮಗಿದೆ ಎಂದು ಏಜೆಂಟರು ನಂಬಿದ್ದರೆ, ಆ ಕಾರಣವನ್ನು ಅದೇ ಏಳು ದಿನಗಳೊಳಗೆ ಬಾಡಿಗೆದಾರರಿಗೆ ಬರಹದಲ್ಲಿ ತಿಳಿಸಬೇಕು. ತಿಳಿಸದಿದ್ದರೆ, ಕಾರಣ ಎಷ್ಟೇ ಗಟ್ಟಿಯಾಗಿದ್ದರೂ, ಹಣ ವಾಪಸ್ ಕೊಡಲೇಬೇಕು.

ಈ ಕೊನೆಯ ಅಂಶವನ್ನು ನಾನು ಇಡೀ ಕಾಯ್ದೆಯಲ್ಲೇ ಬಾಡಿಗೆದಾರರಿಗೆ ಸಿಕ್ಕ ಅತ್ಯಂತ ಬಲವಾದ ಹಿಡಿತವೆಂದು ಭಾವಿಸುತ್ತೇನೆ. ತಾನು ತಪ್ಪು ಮಾಡಿಲ್ಲ ಎಂದು ಸಾಬೀತುಪಡಿಸುವ ಹೊರೆಯನ್ನು ಇದು ಬಾಡಿಗೆದಾರನ ಹೆಗಲಿಂದ ಇಳಿಸಿ, ಹಣ ಇಟ್ಟುಕೊಂಡವರು ಅದನ್ನು ಏಕೆ ಇಟ್ಟುಕೊಂಡರು ಎಂದು ಹೇಳಬೇಕಾದ ಹೊಣೆಯನ್ನು ಅವರ ಮೇಲೆಯೇ ಹೊರಿಸುತ್ತದೆ. ಮೌನವಾಗಿದ್ದರೆ ಸೋಲುವವರು ಏಜೆಂಟರೇ. ಆದರೆ ಬಾಡಿಗೆದಾರರೂ ಮೌನವಾಗಿ ಉಳಿದರೆ ಯಾವ ಗಡುವೂ ತಾನಾಗಿ ಹಣವನ್ನು ಖಾತೆಗೆ ತಂದು ಹಾಕುವುದಿಲ್ಲ.

ಈ ಯುವತಿಯ ವಿಷಯದಲ್ಲಿ ಮಾಲೀಕರ ನಿರ್ಧಾರ ತಿಳಿಸಿದ ಇಮೇಲ್ ಹತ್ತನೇ ತಾರೀಖಿನದು. ಹದಿನಾರಕ್ಕೆ ಏಳು ದಿನ ಮುಗಿದವು. ಅಷ್ಟರೊಳಗೆ ಬರಹದಲ್ಲಿ ಯಾವ ಕಾರಣವೂ ಬಂದಿರಲಿಲ್ಲ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹಾಗೆ ನೋಡಿದರೆ ಫೋನಿನಲ್ಲಿ ಹೇಳಿದ ಕಾರಣವೂ ನಿಲ್ಲುವಂಥದ್ದಲ್ಲ. ರೆಫರೆನ್ಸಿಂಗ್ ಖರ್ಚನ್ನು ಬಾಡಿಗೆದಾರರಿಂದ ವಸೂಲು ಮಾಡುವುದನ್ನು ಇದೇ ಕಾಯ್ದೆ ನಿಷೇಧಿಸಿದೆ. ನೇರವಾಗಿ ಕೇಳಬಾರದ ಶುಲ್ಕವನ್ನು ಡೆಪಾಸಿಟ್ಟಿನಿಂದ ಮುರಿದುಕೊಳ್ಳುವುದಂತೂ ಸಾಧ್ಯವೇ ಇಲ್ಲ. ಕಚೇರಿಯ ನಿಯಮ ಏನೇ ಇರಲಿ, ಅರ್ಜಿಯ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಏನೇ ಬರೆದಿರಲಿ, ಅದು ಕಾಯ್ದೆಗಿಂತ ದೊಡ್ಡದಾಗುವುದಿಲ್ಲ.

ಹಣ ಇಟ್ಟುಕೊಳ್ಳಲು ಕಾನೂನು ಒಪ್ಪುವ ಸಂದರ್ಭಗಳು ಕೆಲವೇ. ಬಾಡಿಗೆದಾರರು ತಾವೇ ಮನಸ್ಸು ಬದಲಿಸಿ ಮನೆ ಬೇಡವೆಂದರೆ ಹಣ ಹೋಗಬಹುದು. ಇದರಲ್ಲಿ ಅನ್ಯಾಯವೇನೂ ಇದೆ ಎಂದು ನನಗೆ ಅನಿಸುವುದಿಲ್ಲ. ಅಷ್ಟು ದಿನ ಆ ಮನೆಯನ್ನು ನಮಗಾಗಿ ತಡೆದಿಟ್ಟಿರುತ್ತಾರೆ. ಮಾಲೀಕರು ತಮ್ಮ ಕಡೆಯಿಂದ ಮಾಡಬೇಕಾದದ್ದನ್ನೆಲ್ಲ ಮಾಡಿದ್ದರೂ ಬಾಡಿಗೆದಾರರು ದಾಖಲೆ ಕೊಡದೆ, ಸಹಿ ಮಾಡದೆ ದಿನ ತಳ್ಳಿದರೂ ಹಾಗೆಯೇ. ಆದರೆ ಏಜೆಂಟರು ಕಾಯ್ದೆ ನಿಷೇಧಿಸಿದ ಶುಲ್ಕವೊಂದನ್ನು ನಡುವೆ ಕೇಳಿದ್ದರೆ, ಅಥವಾ ಯಾರೇ ಆದರೂ ಅಲ್ಲಿ ಕರಾರು ಮಾಡಿಕೊಳ್ಳಲು ಹಿಂಜರಿಯುವಂತೆ ನಡೆದುಕೊಂಡಿದ್ದರೆ, ಬಾಡಿಗೆದಾರರು ಹಿಂದೆ ಸರಿದರೂ ಹಣ ಅವರದೇ.

ಇನ್ನೊಂದು ಸಂದರ್ಭ ರೈಟ್ ಟು ರೆಂಟ್ ಪರಿಶೀಲನೆ. ಇಂಗ್ಲೆಂಡಿನಲ್ಲಿ ಮಾತ್ರ ಇರುವ ಈ ನಿಯಮದಂತೆ ಬಾಡಿಗೆಗೆ ಬರುವ ವಯಸ್ಕರೆಲ್ಲರ ವಲಸೆ ಸ್ಥಿತಿಯನ್ನು ಮಾಲೀಕರು ನೋಡಬೇಕು. ಬಾಡಿಗೆಗೆ ಇರುವ ಹಕ್ಕೇ ಇಲ್ಲದವರ ಹಣವನ್ನು, ಆ ವಿಷಯ ಏಜೆಂಟರಿಗೆ ಮೊದಲೇ ಗೊತ್ತಿರದಿದ್ದರೆ, ಇಟ್ಟುಕೊಳ್ಳಬಹುದು. ನಮ್ಮವರು ಇಲ್ಲಿ ಹಕ್ಕಿಲ್ಲದೆ ಸಿಕ್ಕಿಕೊಳ್ಳುವುದಕ್ಕಿಂತ ಕೋಡ್ ತಪ್ಪಿ ಸಿಕ್ಕಿಕೊಳ್ಳುವುದೇ ಹೆಚ್ಚು. ವಲಸೆ ಸ್ಥಿತಿ ತೋರಿಸುತ್ತಿದ್ದ ಹಳೆಯ ಬಿಆರ್‌ಪಿ ಕಾರ್ಡುಗಳು ಹೋಗಿ ಇ-ವೀಸಾ ಬಂದ ಮೇಲೆ, ಸರ್ಕಾರದ ಜಾಲತಾಣದಲ್ಲಿ ಲಾಗಿನ್ ಆಗಿ ಒಂಬತ್ತು ಅಕ್ಷರಗಳ ಶೇರ್ ಕೋಡ್ ತೆಗೆದು ಕೊಡಬೇಕು. ಬಾಡಿಗೆಗೆ ಬೇಕಾದ ಕೋಡ್ 'ಆರ್' ಅಕ್ಷರದಿಂದಲೂ, ಕೆಲಸಕ್ಕೆ ಬೇಕಾದ ಕೋಡ್ 'ಡಬ್ಲ್ಯೂ' ಅಕ್ಷರದಿಂದಲೂ ಆರಂಭವಾಗುತ್ತದೆ. ಕಂಪನಿಗೆ ಕೊಟ್ಟ ಕೋಡನ್ನೇ ಏಜೆಂಟರಿಗೂ ಕಳಿಸಿದರೆ ಅದು ತೆರೆದುಕೊಳ್ಳುವುದಿಲ್ಲ. ಕೋಡಿಗೆ ತೊಂಬತ್ತು ದಿನಗಳ ಆಯಸ್ಸು ಬೇರೆ. ಕೋಡ್ ತೆರೆದುಕೊಳ್ಳದಿರುವುದು ಹಕ್ಕು ಇಲ್ಲದಿರುವುದಕ್ಕೆ ಸಮವಲ್ಲ ಎಂಬುದನ್ನು, ಅಂಥ ಉತ್ತರ ಬಂದ ದಿನವೇ ಸರಿಯಾದ ಕೋಡ್ ಕಳಿಸಿ ಬರಹದಲ್ಲಿ ಹೇಳಿಬಿಡಬೇಕು.

ಉಳಿದದ್ದು ಸುಳ್ಳು ಅಥವಾ ದಾರಿತಪ್ಪಿಸುವ ಮಾಹಿತಿ. ಜಗಳಗಳೆಲ್ಲ ಹುಟ್ಟುವುದು ಇಲ್ಲೇ. ರೆಫರೆನ್ಸಿಂಗಿನಲ್ಲಿ ಪಾಸಾಗದೆ ಇರುವುದು ಹಣ ಕಳೆದುಕೊಳ್ಳಲು ಕಾರಣವೇ ಅಲ್ಲ. ಸಂಬಳ ಸಾಲದು, ಈ ದೇಶದಲ್ಲಿ ಸಾಲದ ಇತಿಹಾಸ ಇಲ್ಲ, ಪ್ರೊಬೇಷನ್ ಮುಗಿದಿಲ್ಲ ಎಂದು ಮಾಲೀಕರು ಬೇಡವೆನ್ನಬಹುದು. ಅದು ಅವರ ಸ್ವಾತಂತ್ರ್ಯ. ಆದರೆ ಆ ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಾದವರು ನಾವಲ್ಲ. ನಾವು ಹೇಳಿದ್ದಕ್ಕೂ ನಿಜಕ್ಕೂ ವ್ಯತ್ಯಾಸವಿದ್ದು, ಆ ವ್ಯತ್ಯಾಸವನ್ನು ಮನೆ ಕೊಡುವ ನಿರ್ಧಾರದಲ್ಲಿ ಪರಿಗಣಿಸುವುದು ನ್ಯಾಯಸಮ್ಮತವಾಗಿದ್ದರೆ ಮಾತ್ರ ಹಣ ಇಟ್ಟುಕೊಳ್ಳಬಹುದು. ಆದ್ದರಿಂದ ಅರ್ಜಿಯಲ್ಲಿ ಆದಾಯವನ್ನು ಬಿಡಿಸಿ ಬರೆಯುವುದು, ಅದಕ್ಕೆ ದಾಖಲೆ ಲಗತ್ತಿಸುವುದು, ಕಳಿಸಿದ ಅರ್ಜಿಯ ಪ್ರತಿ ಇಟ್ಟುಕೊಳ್ಳುವುದು ಇವೆಲ್ಲ ಮುಂದೆ ನಮ್ಮನ್ನು ಕಾಯುವ ಕೆಲಸಗಳು. ಅಂತರ್ಜಾಲದ ಅರ್ಜಿಗಳಲ್ಲಿ ಬಿಡಿಸಿ ಬರೆಯಲು ಜಾಗವಿಲ್ಲದಿದ್ದರೆ ಅದೇ ದಿನ ಒಂದು ಇಮೇಲ್ ಕಳಿಸಿದರಾಯಿತು.

ನಾವು ಬರೆದ ಪತ್ರ ಒಂದು ಪುಟವನ್ನೂ ತುಂಬಲಿಲ್ಲ. ಮನೆಯ ವಿಳಾಸ, ಹಣ ಕಟ್ಟಿದ ದಿನ, ಮೊತ್ತ, ಬ್ಯಾಂಕಿನ ರೆಫರೆನ್ಸ್ ಸಂಖ್ಯೆ ಮೊದಲ ಸಾಲಿನಲ್ಲಿ. ಹತ್ತನೇ ತಾರೀಖಿನ ಇಮೇಲಿನಲ್ಲಿ ಮಾಲೀಕರ ನಿರ್ಧಾರವನ್ನು ನೀವು ತಿಳಿಸಿದ್ದೀರಿ ಎಂಬುದು ಎರಡನೆಯದು. ಟೆನೆಂಟ್ ಫೀಸ್ ಆಕ್ಟ್ 2019ರ ಎರಡನೇ ಅನುಸೂಚಿಯಂತೆ ಏಳು ದಿನಗಳೊಳಗೆ ಹಣವೂ ಬಂದಿಲ್ಲ, ಕಾರಣ ತಿಳಿಸುವ ಪತ್ರವೂ ಬಂದಿಲ್ಲ, ಆದ್ದರಿಂದ ಪೂರ್ತಿ 300 ಪೌಂಡ್ ಹಿಂದಿರುಗಿಸಬೇಕು ಎಂಬುದು ಮೂರನೆಯದು. ಕೊನೆಗೆ ಹಣ ಹಾಕಬೇಕಾದ ಖಾತೆಯ ವಿವರ, ಹಣ ಬರಬೇಕಾದ ದಿನಾಂಕ, ಬಾರದಿದ್ದರೆ ಇದನ್ನೇ ಅಧಿಕೃತ ದೂರೆಂದು ಪರಿಗಣಿಸಿ ನಿಮ್ಮ ದೂರು ನಿರ್ವಹಣೆಯ ಕ್ರಮವನ್ನೂ, ನೀವು ಸದಸ್ಯರಾಗಿರುವ ರಿಡ್ರೆಸ್ ಸ್ಕೀಮಿನ (ಏಜೆಂಟರ ಮೇಲಿನ ದೂರುಗಳನ್ನು ಬಗೆಹರಿಸುವ ಸಂಸ್ಥೆಯ) ಹೆಸರನ್ನೂ ತಿಳಿಸಿ ಎಂಬ ಕೋರಿಕೆ. ಕೋಪದ ಮಾತು ಒಂದೂ ಇರಲಿಲ್ಲ. "ಇಷ್ಟು ತಣ್ಣಗೆ ಬರೆದ್ರೆ ಕೇಳ್ತಾರಾ ಅಕ್ಕಾ?" ಎಂದು ಅವರಿಗೆ ಅನುಮಾನವಿತ್ತು. ಮುಂದೆ ಈ ಕಾಗದವನ್ನು ಓದಬಹುದಾದವರು ಏಜೆಂಟರಷ್ಟೇ ಅಲ್ಲ, ಓಂಬುಡ್ಸ್‌ಮನ್ ಅಥವಾ ನ್ಯಾಯಮಂಡಳಿಯವರೂ ಆಗಿರಬಹುದು. ಅವರಿಗೆ ಬೇಕಾಗಿರುವುದು ದಿನಾಂಕಗಳು.

ಉತ್ತರ ಬಂದದ್ದು ಇಪ್ಪತ್ತನೇ ತಾರೀಖು ದಾಟಿದ ಮೇಲೆ. ಈಗ ಕಾರಣ ಬದಲಾಗಿತ್ತು. ಅರ್ಜಿಯಲ್ಲಿ 41 ಸಾವಿರ ಎಂದು ಬರೆದು ದೃಢೀಕರಣದಲ್ಲಿ 38 ಸಾವಿರ ಬಂದಿರುವುದರಿಂದ ಅದು ದಾರಿತಪ್ಪಿಸುವ ಮಾಹಿತಿ ಎಂದಿದ್ದರು. ಯುವತಿಗೆ ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ಹಣದ ಮಾತು ಹಾಗಿರಲಿ, ಸುಳ್ಳು ಹೇಳಿದವಳು ಎಂಬ ಹಣೆಪಟ್ಟಿ ವೀಸಾದ ಮೇಲೆ ಇರುವವರಿಗೆ ಎಷ್ಟು ಚುಚ್ಚುತ್ತದೆ ಎಂಬುದು ಅದನ್ನು ಬರೆದವರಿಗೆ ತಿಳಿದಿರಲಾರದು. ಎರಡನೇ ಪತ್ರದಲ್ಲಿ ನಾವು ಎರಡೇ ಅಂಶ ಬರೆದೆವು: ಏಳು ದಿನ ಕಳೆದ ಮೇಲೆ ಕೊಟ್ಟ ಕಾರಣವನ್ನು ಕಾನೂನು ಗಣನೆಗೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ, ಅರ್ಜಿಯಲ್ಲಿ ಮೂಲ ವೇತನ ಮತ್ತು ಭತ್ಯೆಯನ್ನು ಬೇರೆ ಬೇರೆಯಾಗಿ ಬರೆದು ನೇಮಕಾತಿ ಪತ್ರ ಕೊಟ್ಟಿರುವಾಗ ದಾರಿತಪ್ಪಿಸಿದ್ದು ಎಲ್ಲಿ? ಅರ್ಜಿಯ ಆ ಭಾಗದ ಸ್ಕ್ರೀನ್‌ಶಾಟ್ ಜೊತೆಗಿಟ್ಟೆವು. ಕೆಲವು ದಿನಗಳ ನಂತರ ವಿವರಣೆಯಾಗಲೀ ಕ್ಷಮೆಯಾಗಲೀ ಇಲ್ಲದೆ 300 ಪೌಂಡ್ ಅವರ ಖಾತೆಗೆ ಬಂತು.

ಬರದೇ ಹೋಗಿದ್ದರೆ ಮುಂದಿನ ದಾರಿಗಳು ಇದ್ದವು. ಇಂಗ್ಲೆಂಡಿನ ಲೆಟಿಂಗ್ ಏಜೆಂಟರೆಲ್ಲರೂ 2014ರ ಅಕ್ಟೋಬರಿನಿಂದ ಸರ್ಕಾರ ಮಾನ್ಯ ಮಾಡಿದ ರಿಡ್ರೆಸ್ ಸ್ಕೀಮ್ ಒಂದರ ಸದಸ್ಯರಾಗಿರಲೇಬೇಕು. ಏಜೆಂಟರಿಗೆ ಕೊಟ್ಟ ದೂರು ಎಂಟು ವಾರಗಳಲ್ಲಿ ಬಗೆಹರಿಯದಿದ್ದರೆ, ಅಥವಾ ಅವರ ಕೊನೆಯ ಉತ್ತರ ಸಮಾಧಾನ ತರದಿದ್ದರೆ, ಪ್ರಾಪರ್ಟಿ ಓಂಬುಡ್ಸ್‌ಮನ್‌ನಂಥ ಆ ಸಂಸ್ಥೆಗೆ ಹೋಗಬಹುದು. ಅಲ್ಲಿ ದೂರುದಾರರು ಶುಲ್ಕ ಕೊಡಬೇಕಾಗಿಲ್ಲ. ವ್ಯಾಪಾರದ ನಿಯಮಗಳ ಪಾಲನೆಯನ್ನು ನೋಡಿಕೊಳ್ಳುವ, ಸ್ಥಳೀಯ ಆಡಳಿತದ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗಕ್ಕೆ ಏಜೆಂಟರ ಮೇಲೆ 5,000 ಪೌಂಡಿನವರೆಗೆ ದಂಡ ಹಾಕುವ ಅಧಿಕಾರವಿದೆ. ಫಸ್ಟ್ ಟಿಯರ್ ಟ್ರಿಬ್ಯೂನಲ್ಲಿನ ಆಸ್ತಿ ವಿಭಾಗಕ್ಕೆ ಬಾಡಿಗೆದಾರರು ತಾವೇ ಅರ್ಜಿ ಹಾಕಿ ಹಣ ವಾಪಸ್ ಕೊಡಿಸುವ ಆದೇಶ ಕೇಳಬಹುದು. ಪತ್ರ ಬರೆಯಲು ಗೊತ್ತಾಗದವರು ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್ ಸಂಸ್ಥೆಯ ನೆರವು ಪಡೆಯಬಹುದು. ಇಷ್ಟೆಲ್ಲ ಇದ್ದರೂ, ಒಂದು ವಾರದ ಬಾಡಿಗೆಗಾಗಿ ಎಂಟು ವಾರ ಕಾಯುವ ಸಹನೆ, ಹೊಸ ಮನೆ ಹುಡುಕುವ ಆತಂಕದಲ್ಲಿ ಇರುವವರಿಗೆ ಇರುವುದು ಕಷ್ಟ. ಹಣವನ್ನು ತಡೆದಿಟ್ಟುಕೊಳ್ಳುವ ಏಜೆಂಟರಿಗೂ ಇದು ಗೊತ್ತಿದೆ. ಕೇಳಿದವರಿಗೆ ಮಾತ್ರ ಹಿಂದಿರುಗಿಸಿ, ಕೇಳದವರದ್ದನ್ನು ಇಟ್ಟುಕೊಂಡರೆ ಅವರಿಗೆ ನಷ್ಟವೇನೂ ಇಲ್ಲ ಎಂಬುದು ಈ ಕಾಯ್ದೆಯ ದೊಡ್ಡ ದೌರ್ಬಲ್ಯವೆಂದು ನನ್ನ ದೃಢವಾದ ಅಭಿಪ್ರಾಯ. ತಡವಾಗಿ ಕೊಟ್ಟವರು ಎರಡರಷ್ಟು ಕೊಡಬೇಕೆಂದು ಒಂದು ಸಾಲು ಸೇರಿಸಿದ್ದರೆ ಈ ಅಭ್ಯಾಸ ಬಹುಬೇಗ ನಿಲ್ಲುತ್ತಿತ್ತು.

ಇಷ್ಟು ಹೊತ್ತು ಹೇಳಿದ್ದು ಇಂಗ್ಲೆಂಡಿನ ಮಾತು. ವೇಲ್ಸಿಗೆ ಇಂಥದ್ದೇ ಪ್ರತ್ಯೇಕ ಕಾಯ್ದೆ 2019ರ ಸೆಪ್ಟೆಂಬರಿನಲ್ಲಿ ಬಂದಿದೆ. ಸ್ಕಾಟ್ಲೆಂಡಿನಲ್ಲಿ ಇಂಥ ಹಣ ಕೇಳುವುದಕ್ಕೇ ಅವಕಾಶವಿಲ್ಲ. ಎಡಿನ್‌ಬರೋ, ಗ್ಲಾಸ್ಗೋಗಳಿಗೆ ಓದಲು ಹೋಗುವ ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು. ಗುಂಪಾಗಿ ಮನೆ ಹಿಡಿಯುವ ವಿದ್ಯಾರ್ಥಿಗಳು ಎಲ್ಲರ ಪಾಲನ್ನೂ ಒಬ್ಬನ ಖಾತೆಯಿಂದ ಕಟ್ಟುವುದಾದರೆ, ಯಾರದೆಷ್ಟು ಎಂಬುದನ್ನು ಏಜೆಂಟರಿಗೆ ಹೋಗುವ ಇಮೇಲಿನಲ್ಲೇ ನಮೂದಿಸುವುದು ಒಳ್ಳೆಯದು. ಇಲ್ಲದಿದ್ದರೆ ಹಣ ವಾಪಸ್ ಬಂದಾಗ ಸ್ನೇಹಿತರ ನಡುವೆಯೇ ಮನಸ್ತಾಪ ಬೆಳೆಯುವುದನ್ನು ಕಂಡಿದ್ದೇನೆ.

ಆ ಯುವತಿಗೆ ಮುಂದಿನ ತಿಂಗಳು ಬೇರೊಂದು ಏಜೆಂಟರ ಮೂಲಕ ಮನೆ ಸಿಕ್ಕಿತು. ಆ ಅರ್ಜಿಯ ಎರಡನೇ ಪುಟದಲ್ಲಿ, ಕರಾರಿನ ಗಡುವು ಹಣ ಕಟ್ಟಿದ ದಿನದಿಂದ ಮೂವತ್ತು ದಿನ ಎಂದು ಮೊದಲೇ ಮುದ್ರಿಸಿದ್ದ ಸಾಲೊಂದಿತ್ತು. ಅದಕ್ಕೆ ಸಹಿ ಹಾಕಿದರೆ ಹದಿನೈದು ದಿನಗಳ ಹಕ್ಕನ್ನು ಬರಹದಲ್ಲಿ ಬಿಟ್ಟುಕೊಟ್ಟ ಹಾಗಾಗುತ್ತದೆ. ಈ ಸಲ ಅವರು ನನ್ನನ್ನು ಕೇಳಲಿಲ್ಲ. ಹದಿನೈದು ದಿನ ಎಂದು ತಿದ್ದಿಕೊಡಿ, ಆಮೇಲೆ ಸಹಿ ಮಾಡುತ್ತೇನೆ ಎಂದು ತಾವೇ ಇಮೇಲ್ ಬರೆದರು. ಏಜೆಂಟರು ಅದೇ ಸಂಜೆ ತಿದ್ದಿದ ಪುಟ ಕಳಿಸಿದರು. ಕರಾರಾದ ಮೇಲೆ ಹೋಲ್ಡಿಂಗ್ ಡೆಪಾಸಿಟ್ಟನ್ನು ಮೊದಲ ತಿಂಗಳ ಬಾಡಿಗೆಗೆ ಜಮೆ ಮಾಡಲು ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿದ್ದಕ್ಕೆ ಆ ಮೊತ್ತವನ್ನು ಕಳೆದು ತೋರಿಸಿದ ರಸೀದಿಯನ್ನೂ ಕಳಿಸಿದರು.